ಎರಡಿಂಚು

ಮಿಲ್ಲರ್‌ಪೇಟೆಯ ಈ ತಗಡಿನ ಕೋಣೆಗೆ
ಬೇಸಿಗೆ ಫೆಬ್ರವರಿಗೇ ಬಂದು ಕೂಡುತ್ತದೆ.
ನಾನು ಜೀನ್ಸಿಗೆ ಬೆಲ್ಟು ಹಚ್ಚುವವಳು,
ಪೀಸಿಗೆ ನಾಲ್ಕೂವರೆ ರೂಪಾಯಿ.
ಎರ್ರಿಸ್ವಾಮಿ ಮುಂಡರಗಿ ಕಡೆಯ ವಾಷಿಂಗಿನಲ್ಲಿ.
ಆತನ ಉಗುರುಸಂದಿಯ ನೀಲಿ
ನಿಂಬೆಹಣ್ಣಿಗೂ ಹೋಗದು, ಹುಣಸೆಗೂ ಹೋಗದು.
ಹೆಣ್ಣು ನೋಡಲು ಹೋದ ಐದು ಮನೆಯಲ್ಲೂ
ಎಲ್ಲರೂ ಮೊದಲು ನೋಡಿದ್ದು ಆ ಕೈಯನ್ನಂತೆ.
ಆರನೆಯ ಮನೆಗೆ ಹೋಗಲಿಲ್ಲ.

ನಲವತ್ತು ದಾಟಿ ನನ್ನ ಬಾಗಿಲಿಗೆ ಬಂದದ್ದು
ಮಾಲು ಒಯ್ಯಲಿಕ್ಕೆ.
ಕೂತು ಒಗ್ಗಾಣಿ ತಿಂದ,
ಮೆಣಸಿನಕಾಯಿ ತಟ್ಟೆಯಂಚಿಗೆ ಸಾಲಾಗಿ ಇಟ್ಟ,
ಎದ್ದು ತಟ್ಟೆ ತಾನೇ ತೊಳೆದ.
ನಾನು ಸಿನಿಮಾ ನೋಡಿದ ಹಾಗೆ
ನೋಡುತ್ತ ನಿಂತೆ.

ಮನೆ ಮಾಲಕಿ ಮಾಬುನ್ನಿ ಚಾಚಿ ಕೇಳಿದಳು,
'ಆತ ನಿನಗೇನಾಗಬೇಕವ್ವ?'
ರೇಷನ್ ಕಾರ್ಡಿನ ಅರ್ಜಿಯೂ ಅದನ್ನೇ ಕೇಳಿತು:
ಯಜಮಾನಿಯೊಂದಿಗೆ ಸಂಬಂಧ,
ಮುಂದೆ ಖಾಲಿ ಗೆರೆ.
'ಬರಿ,' ಅಂದ ಆತ, 'ಅರ್ಧ ಬಾಡಿಗಿ.'
ನಕ್ಕೆವು. ಬರೆಯಲಿಲ್ಲ.

ನಮ್ಮಜ್ಜಿ ತಿಪ್ಪವ್ವ, ಸಿರಿಗೇರಿಯಾಕಿ,
ಮೊದಲ ಗಂಡನಿಂದ ಸೋಡಚೀಟಿ ಪಡೆದಾಗ
ಐದು ಮಂದಿ ಕಟ್ಟೆಗೆ ಕೂತು ಎಲೆಅಡಿಕೆ ಜಗಿದರಂತೆ.
ಮುಂದಿನ ಸುಗ್ಗಿಗೆ ಇನ್ನೊಬ್ಬ ಒಂದು ಸೀರೆ ತಂದ.
ದೀಪ ಹಚ್ಚುವ ಮೊದಲು ಉಟ್ಟಳು.
ವಾಲಗವಿಲ್ಲ, ಅಕ್ಕಿಕಾಳಿಲ್ಲ.
ಮುಂದೆ ಯಾವ ಆರತಿಯ ಸಾಲಿಗೂ ಆಕೆಯನ್ನು ಕರೆಯಲಿಲ್ಲ,
ಅದೂ ನಿಜ.
ಆದರೂ ಅದಕ್ಕೆ ಸೀರುಡಿಕೆ ಅಂತ ಹೆಸರಿತ್ತು,
ಬೈಯಲಿಕ್ಕಾದರೂ ಒಂದು ಹೆಸರು.

ನನಗೆ ಸಿಕ್ಕಿದ್ದು ಕೋರ್ಟಿನ ಹದಿನಾಲ್ಕು ಪುಟ.
ಪುಟಪುಟಕ್ಕೂ ಸೀಲು.
ಎಲ್ಲೂ ಒಂದು ಮಾತಿಲ್ಲ
ಗಾದಿಲಿಂಗ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದದ್ದು,
ಆ ಸದ್ದಿಗೆ ನಾನು ಒಂಬತ್ತು ವರ್ಷ ಎಚ್ಚರಿದ್ದದ್ದು.

ಮೊನ್ನೆ ಮಂಗಳವಾರ ಗಾದಿಲಿಂಗನೇ ಬಂದ,
ಕಂಕುಳಲ್ಲಿ ಹಳೆಯ ಪ್ಯಾಂಟು.
ಗುರುವಾರ ಮದುವೆಯಂತೆ. ಆದೋನಿ ಕಡೆಯ ಹುಡುಗಿ.
'ಹೊಸಾದು ಐತಿ. ಇದು ಮರುದಿನಕ್ಕ. ಮೆತ್ತಗೈತಿ.'
ಊರಲ್ಲಿ ಟೇಲರುಗಳಿಗೇನು ಬರವೇ, ಅಂದೆ.
'ನಿನಗ ಅಳತಿ ಗೊತ್ತೈತಲ್ಲ.'
ಗೊತ್ತಿತ್ತು. ಸೊಂಟ ಮೂವತ್ನಾಲ್ಕು.
ಈಗ ಮೂವತ್ತಾರು.
ಟೇಪು ತೆಗೆಯಲಿಲ್ಲ.

ಎರ್ರಿಸ್ವಾಮಿ ಸ್ಟವ್ ಹಚ್ಚಿ ಚಹಾ ಮಾಡಿದ.
ಗಾದಿಲಿಂಗ ಆ ನೀಲಿ ಬೆರಳು ನೋಡಿದ,
ಬೆರಳು ಹಿಡಿದ ಕಪ್ಪು ನೋಡಿದ,
ನಮ್ಮ ಮದುವೆಗೆ ಯಾರೋ ಮುಯ್ಯಿ ಮಾಡಿದ ಕಪ್ಪು.
ಕುಡಿದ.
'ಸಕ್ರಿ ಕಮ್ಮಿ ಆತೇನ್ರಿ?'
'ಸಾಕ್ರಿ.'
ಗಂಡಸರಿಬ್ಬರೂ ಒಂದೇ ಫ್ಯಾನಿನ ಕೆಳಗೆ
ಹಗರಿ ಹೊಳೆಯ ಮರಳಿನ ರೇಟು ಮಾತಾಡಿದರು.

ನಾನು ಹಿಂದಿನ ಹೊಲಿಗೆ ಬಿಚ್ಚಿದೆ, ಒಂದೊಂದೇ ಟಾಕಿ.
ಒಳಗೆ ಬಿಸಿಲು ಕಾಣದ್ದು, ಸೋಪು ಕಾಣದ್ದು,
ಥಾನಿನಿಂದ ಕತ್ತರಿಸಿದ ದಿನದ ಕಡುನೀಲಿ.
ಸುತ್ತಲದ್ದೆಲ್ಲ ಬೂದಿ.
ಈ ಪ್ಯಾಂಟು ನಾನೇ ಹೊಲಿದದ್ದು,
ಸಿರುಗುಪ್ಪದ ಬಾಡಿಗೆ ಮನೆಯಲ್ಲಿ, ಮದುವೆಯಾದ ಹೊಸದರಲ್ಲಿ.
ಮುಂದೆ ದಪ್ಪ ಆಗುತ್ತಾನೆಂದು
ನಾನೇ ಒಳಗೆ ಬಟ್ಟೆ ಬಿಟ್ಟಿದ್ದೆ.
ಮರೆತಿದ್ದೆ.

'ಪಟ್ಟೆ ಕಾಣತೈತಿ,' ಅಂದೆ, 'ಬಣ್ಣ ಬ್ಯಾರೆ.'
'ಅಂಗಿ ಹೊರಗ ಬಿಡ್ತೀನಿ ಬಿಡು.'
ನಲವತ್ತು ಕೇಳಿದೆ, ಐವತ್ತು ಕೊಟ್ಟ,
ಹತ್ತು ವಾಪಸು ಕೊಟ್ಟೆ.
ಎರ್ರಿಸ್ವಾಮಿ ಸಂದಿಯ ತುದಿಯ ತನಕ
ಕಳಿಸಿ ಬಂದ.

ರಾತ್ರಿ ಕರೆಂಟು ಹೋಯಿತು.
ಬಾಗಿಲ ಮುಂದೆ ಚಾಪೆ ಹಾಸಿದೆವು.
ಕೋಟೆಗುಡ್ಡ ಹಗಲೆಲ್ಲ ಕುಡಿದ ಕಾವನ್ನು
ಊರ ಮೇಲೆ ಬಿಡುತ್ತಿತ್ತು.
ಬಹಳ ಹೊತ್ತು ಸುಮ್ಮನಿದ್ದು ಆತ ಕೇಳಿದ,
'ನನಗೂ ಬಿಟ್ಟೀಯೇನು ಒಳಗ, ಎರಡಿಂಚು?'

ಸೊಳ್ಳೆ ಹೊಡೆದೆ. ಹೊರಳಿ ಮಲಗಿದೆ.
ಅರ್ಜಿ ಇನ್ನೂ ಮಿಷನ್ನಿನ ಡಬ್ಬಿಯಲ್ಲಿದೆ,
ಮುರಿದ ಸೂಜಿಗಳ ಕೆಳಗೆ.
ಕೊಡಲಿಕ್ಕೆ ಶನಿವಾರ ಕಡೆಯ ದಿನ.