ಮುಖವಿಲ್ಲದ ಜ್ವಾಲೆ

ಟಾರ್ಚು ಮುಂದಿನವರ ಹಿಮ್ಮಡಿಗೆ ಬಿಡಿ, ಕಣ್ಣಿಗೆ ಬೇಡ.
ಹದಿನಾಲ್ಕು ಜನ. ಎಣಿಸಿದೀನಿ.
ಇಳಿಯುವಾಗ ಇನ್ನೊಂದು ಸಲ ಎಣಿಸ್ತೀನಿ.
ನಾಲ್ಕು ಗಂಟೆ; ತಾವರೆಕೆರೆ ಕಡೆ ಒಂದು ನಾಯಿ,
ಅದಕ್ಕೆ ಜವಾಬು ಕೊಡೋ ಇನ್ನೊಂದು,
ಆಮೇಲೆ ನಮ್ಮದೇ ಉಸಿರು.

ನನ್ನ ಹೆಸರು ತಿರುಮಳಪ್ಪ. ಟೀ ಶರ್ಟಿನ ಬೆನ್ನ ಮೇಲೆ
ಗೈಡ್ ಅಂತ ಅಚ್ಚು ಹಾಕಿಸಿದಾರೆ ಕಂಪನಿಯೋರು.
ಆ ಅಕ್ಷರದ ಮೇಲೆ ಬ್ಯಾಗು, ಬ್ಯಾಗಿನಲ್ಲಿ ನಿಮ್ಮ ತಿಂಡಿ,
ಐವತ್ತಾರು ಇಡ್ಲಿ, ಎಣ್ಣೆ ಕ್ಯಾನಿನಲ್ಲಿ ಚಟ್ನಿ.
ಹಾಗಾಗಿ ಓದೋಕೆ ಸಿಗಲ್ಲ.

"ಅಂಕಲ್, ಇದು ಜ್ವಾಲಾಮುಖಿಯಂತೆ, ಹೌದಾ?"
ಹಸಿರು ಟೋಪಿಯ ಹುಡುಗ ಕೇಳಿದ.
ನಾನು ಬಾಯಿ ತೆರೆಯೋ ಮುಂಚೆ ನಳಿನಾಕ್ಷಿ ಮೇಡಂ
(ಭೂಗರ್ಭಶಾಸ್ತ್ರ ಮೂವತ್ತು ವರ್ಷ ಪಾಠ ಮಾಡಿದೋರು,
ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದೋರು)
ನಿಂತು, ಉಸಿರು ಹಿಡಿದು, ಹೇಳಿದರು:
ಜ್ವಾಲೆ ಹೌದಪ್ಪ. ಮುಖ ಸಿಗಲಿಲ್ಲ.
ಮೇಲೆ ಬರೋಕೆ ದಾರಿ ಹುಡುಕ್ತಾ ಹುಡುಕ್ತಾ
ನೆಲದ ಹೊಟ್ಟೆಯಲ್ಲೇ ಆರಿಹೋಯ್ತು.
ಇನ್ನೂರೈವತ್ತು ಕೋಟಿ ವರ್ಷ.
ಮೇಲಿನ ಮಣ್ಣು ಮಳೆಗೆ ಸವೆದು ಸವೆದು
ಈಗ ನಾವು ಅದರ ನೆತ್ತಿ ತುಳೀತಿದೀವಿ.

ಹುಡುಗ ಓ ಅಂದ. ಕಾಲು ಸ್ವಲ್ಪ ಹಗುರಾಗಿ ಇಟ್ಟ.

ನಮ್ಮಪ್ಪನಿಗೆ ಈ ಲೆಕ್ಕ ಗೊತ್ತಿರಲಿಲ್ಲ.
ಓಬಳಪ್ಪನಿಗೆ ಗೊತ್ತಿದ್ದದ್ದು ಬೆಂಕಿ ಇಡೋದು.
ಬಂಡೆಯ ಮೇಲೆ ಜಾಲಿ ಸೌದೆ ಸಾಲಾಗಿ ಹರಡಿ
ರಾತ್ರಿಯೆಲ್ಲ ಆ ಸಾಲನ್ನ ಮೊಳ ಮೊಳ ಮುಂದೆ ತಳ್ಳೋದು,
ಬೆಳಿಗ್ಗೆ ಸುತ್ತಿಗೆಯಲ್ಲಿ ಬಡಿದು ಕಿವಿ ಕೊಡೋದು.
ಟಣ್ ಅಂದ್ರೆ ಇನ್ನೂ ತಾಯಿಬಂಡೆಗೆ ಅಂಟಿಕೊಂಡಿದೆ.
ದೊಪ್ ಅಂದ್ರೆ ಬಿಟ್ಟಿದೆ, ಚಪ್ಪಡಿ, ಆನೆ ಕಿವಿ ಹಂಗೆ.
ಆಮೇಲೆ ಉಳಿ, ಹಾರೆ, ಲಾರಿ.
ರಾಜಾಜಿನಗರದ ಚರಂಡಿ ಮುಚ್ಚಿರೋದು ಅದರಲ್ಲಿ,
ನಿಮ್ಮ ಅಜ್ಜಿ ಬಟ್ಟೆ ಒಗೆದಿರೋದು ಅದರ ಮೇಲೆ.
ನೀವು ಈ ಗುಡ್ಡ ಮೊದಲನೇ ಸಲ ಹತ್ತುತ್ತಾ ಇಲ್ಲ ಸ್ವಾಮಿ,
ಬಿಡಿಬಿಡಿಯಾಗಿ ಎಷ್ಟೋ ಸಲ ಹತ್ತಿದೀರಿ.

ಇದನ್ನೆಲ್ಲ ಹೇಳಲ್ಲ. ಕಂಪನಿ ಕೊಟ್ಟಿರೋ ಮಾತು ಬೇರೆ:
ಎತ್ತರ ಇಷ್ಟು, ಹಕ್ಕಿ ಇಂಥವು, ಪ್ಲಾಸ್ಟಿಕ್ ಬಿಸಾಡಬೇಡಿ.

ಎಡಕ್ಕೆ ಹೋಗಬೇಡಿ, ಕ್ವಾರಿ ಗುಂಡಿ, ನೀರು ನಿಂತಿದೆ.
ಆಳ ಎಷ್ಟು ಅಂತ ಒಬ್ಬರು ಕೇಳಿದರು.
ನಾನು ಟಾರ್ಚು ಆ ಕಡೆ ತಿರುಗಿಸಲಿಲ್ಲ.
ಅಪ್ಪನ ಎಡಗಣ್ಣು ಅಲ್ಲೇ ಎಲ್ಲೋ ಇದೆ.

ನೆತ್ತಿ. ಗಾಳಿ. ಪೂರ್ವಕ್ಕೆ ಬೆಂಗಳೂರು,
ಯಾರೋ ಕೆಂಡ ಕೆದಕಿ ಹಾಗೇ ಎದ್ದುಹೋದ ಒಲೆ ಥರ.
ಮೋಡ ಗಟ್ಟಿ. "ಇವತ್ತು ಸೂರ್ಯ ಗ್ಯಾರಂಟಿನಾ?"
ಗ್ಯಾರಂಟಿ ಇರೋದು ಇಡ್ಲಿಗೆ ಮಾತ್ರ ಅಂದೆ. ನಕ್ಕರು.

ತಿಂಡಿ ಹರಡೋದು ಯಾವಾಗಲೂ ಒಂದೇ ಚಪ್ಪಡಿ ಮೇಲೆ.
ಅಂಚಿನಲ್ಲಿ ಕಪ್ಪು ಮಸಿ, ಇಪ್ಪತ್ತು ಮಳೆಗಾಲಕ್ಕೂ ಹೋಗಿಲ್ಲ.
ಅಪ್ಪ ಇಟ್ಟ ಕೊನೇ ಬೆಂಕಿ.
ಬೆಳಗಾಗೋದರೊಳಗೆ ಕಲ್ಲು ಬಿಟ್ಟಿತ್ತು,
ಹತ್ತು ಗಂಟೆಗೆ ಜೀಪು ಬಂತು, ಕ್ವಾರಿ ಬಂದ್ ಅಂತ ಕಾಗದ.
ಎಬ್ಬಿಸಿದ ಚಪ್ಪಡಿಯನ್ನ ಅಲ್ಲೇ ಬಿಟ್ಟು
ಸುತ್ತಿಗೆ ಹೆಗಲಿಗೆ ಹಾಕಿಕೊಂಡು ಇಳಿದ,
ಮದುವೆ ನಿಂತುಹೋದ ಮನೆಯಿಂದ
ವಾಲಗದೋರು ಇಳಿದು ಹೋಗ್ತಾರಲ್ಲ, ಹಂಗೆ.

ಮುತ್ತುಗದ ಎಲೆ ಹಾಕೋ ಮುಂಚೆ ದಿನಾ ಒಂದು ಸಲ
ಚಟ್ನಿ ಸೌಟಿನ ಹಿಡಿಯಿಂದ ಬಡೀತೀನಿ.
ದೊಪ್.
ಬಿಟ್ಟಿದೆ. ಹೋಗಿಲ್ಲ.

ಸೂರ್ಯ ಬಂದ, ಹೇಳದೆ ಕೇಳದೆ, ಮೋಡದ ಸೀಳಲ್ಲಿ.
ಹದಿಮೂರು ಫೋನು ಎದ್ದವು.
ಮೇಡಂ ಮಾತ್ರ ಅದಕ್ಕೆ ಬೆನ್ನು ಹಾಕಿ ಕೂತು
ಅಂಗೈ ಕಲ್ಲಿನ ಮೇಲಿಟ್ಟಿದ್ದರು, ಜ್ವರ ನೋಡೋರ ಹಂಗೆ.
"ತಿರುಮಳಪ್ಪನವರೇ, ಆ ಸದ್ದು ಇನ್ನೊಂದು ಸಲ ಮಾಡಿ."

ಸೌಟು ಅವರ ಕೈಗೇ ಕೊಟ್ಟೆ.

ಇಡ್ಲಿ ಮೂರು ಉಳಿದಿದೆ. ಯಾರಿಗೆ?