ಒಂದು ತಗಡು, ಏಳು ಹೆಸರು

ಎತ್ತಿ ನೋಡವಾ ತಂಗಿ ಈ ತಗಡ.
ಭಾರ ಆತಿಲ್ಲೊ? ಅರ್ಧ ಭಾರ ಬಣ್ಣದ್ದು.
ಘಂಟಿಕೇರಿಯ ಈ ಗೂಡಿನ್ಯಾಗ ಕುಂತು
ಹಲ್ಲಿನ ಡಾಕ್ಟರು, ಹಿಟ್ಟಿನ ಗಿರಣಿ,
ಸೋತ ಅಭ್ಯರ್ಥಿ, ಗೆದ್ದ ಎತ್ತು,
ಎಲ್ಲಾರ ಹೆಸರೂ ಒಂದೊಂದ ಸಲ ಬರದೀನಿ.
ನಿಮ್ಮಪ್ಪನ ಪಾರ್ಟಿದು ಏಳು ಸಲ.

ಮೊದಲ ಬಂದಾಗ ‘ವರ್ಕ್‌ಶಾಪ್ ನಾಲ್ವರು’ ಅಂತ ಬರಿ ಅಂದ್ರು.
ಐದು ಮಂದಿ ನಿಂತಿದ್ರು.
“ಜ್ಞಾನಪ್ರಕಾಶಂದು ಯಾವಾಗ್ಲೂ ನೈಟ್ ಶಿಫ್ಟ್,
ಅವನ್ನ ಎಣಸಬ್ಯಾಡ್ರಿ.”

ಗದಗ ರೋಡಿನ ರೈಲ್ವೆ ಬ್ರಿಜ್ಜಿನ ಕೆಳಗ
ಉಂಡು ಬಂದು ಹೆಗಲಿಗೆ ಹೆಗಲ ಹಚ್ಚಿ ನಿಲ್ಲತಿದ್ರು.
ಅಲ್ಲಿ ದನಿ ತಿರುಗಿ ಬರತಿತ್ತು, ಬಾಡಿಗಿ ಕೇಳವರಿಲ್ಲ.
ಪೆಟಗಿ ಇಲ್ಲ, ತಬಲಾ ಇಲ್ಲ.
ಮಿಶನ್ ಚರ್ಚಿನ್ಯಾಗ ನಾಕು ದನಿ ಕಲಿತ ಎಲಿಯಾಜರ
ಹಾಡ ಎತ್ತಾಂವ, ಉಳದವರದು ಬಾಯಿಲೇ ಬಾಜಾ:
ಡುಮ್ ಡುಮ್ ಡೂವಾ, ಶಾಲಲ್ಲಾ.
ಅರ್ಥ ಕೇಳಿದ್ರ ನಗತಿದ್ರು.
ಫೌಂಡ್ರಿಯ ಮೋದಿನಸಾಬ ತಳಕ್ಕಿಳದು ಗುಂಯ್ ಅಂದ್ರ
ಮ್ಯಾಲ ಹೋಗೋ ಗೂಡ್ಸ್ ಗಾಡಿ
ಅವನ ಶ್ರುತಿಗೇ ಹೊಂದಿಕೊಂಡಂಗ ಕೇಳತಿತ್ತು.

ಎಲಿಯಾಜರಗ ಗುಂತಕಲ್ಲಿಗೆ ವರ್ಗಾ ಆತು.
ನಾ ಬಿಳೇ ಬಣ್ಣ ಬಳದೆ.
ಬದಲಿ ಬಂದಾಂವ ಹಾಡೂದು ಚಲೋ, ಕುಡಿಯೂದು ಇನ್ನೂ ಚಲೋ.
ಮತ್ತ ಬಿಳೇ ಬಣ್ಣ.
ಸೋಡಾ ಫ್ಯಾಕ್ಟರಿ ಸಾಹುಕಾರ ಐದು ಕೋಟು ಹೊಲಿಸಿಕೊಟ್ಟ,
‘ಗೋಲಿಸೋಡಾ ಸ್ವರಮೇಳ’ ಅಂತ ಬರದೆ,
ಓಕಾರಕ್ಕ ಗುಳ್ಳಿ ಬಿಡಿಸಿ.
ಅಲ್ಲಿಂದ ಮುಂದ ಕೋಟೇ ಪಾರ್ಟಿ ಆತು ನೋಡು:
ಬಂದವರು ಹೋದವರು ಅದರೊಳಗ ತೂರಬೇಕು.
ಸವಣೂರಿನ ಹುಡುಗೊಬ್ಬ, ಏನು ಕಂಠ ಅವಂದು!
ತೋಳು ಬರಲಿಲ್ಲಂತ ತಿರುಗಿ ಕಳಿಸಿದ್ರು.

ನಿಮ್ಮಪ್ಪ ಬಂದದ್ದು ಐದನೇ ಬಣ್ಣದ ಕಾಲಕ್ಕ.
ನೀಲಕಂಠ ಹೆಬಸೂರ. ಆಗ ಹೆಸರು ‘ಪಂಚಕಂಠ’.
“ಒಂದು ಕಂಠ ಮೊದಲೇ ನೀಲಿ ಐತಿ,
ಪೂರಾ ಬೋರ್ಡೇ ನೀಲಿ ಮಾಡ್ರಿ” ಅಂದ.
ಕೋಟು ಅವಗ ಅಳತಿ ತಗೊಂಡು ಹೊಲದಂಗ ಕೂತಿತ್ತು.

ಆಮ್ಯಾಲ ರೊಕ್ಕದ ಜಗಳ. ಪಾರ್ಟಿ ಎರಡಾತು,
ಎರಡೂ ‘ಅಸಲಿ ಪಂಚಕಂಠ’.
ಮುಂಜಾನೆ ಒಬ್ಬರು ಬಂದು ಮುಂದಿನ ಮಗ್ಗಲು ಬರಸಿದ್ರು,
ಸಂಜಿಗೆ ಇನ್ನೊಬ್ಬರು ಹಿಂದಿಂದು.
ಇಬ್ಬರೂ ಬಾಕಿ ಕೊಡಲಿಲ್ಲ, ತಗಡು ನನ್ನ ಕಡೆನೇ ಉಳೀತು.
ಒಂದೇ ರಾತ್ರಿ ಒಬ್ಬರದು ಗದಗಿನ್ಯಾಗ, ಒಬ್ಬರದು ಹಾವೇರ್‍ಯಾಗ.
ತಳದ ದನಿ ಇಬ್ಬರಿಗೂ ಬೇಕು.
ಮೋದಿನಸಾಬ ಹುಬ್ಬಳ್ಳಿ ಸ್ಟೇಶನ್ನಿನ ಕಲ್ಲಿನ ಬೆಂಚಿನ ಮ್ಯಾಲೆ
ಕೋಟು ತೊಡಿ ಮ್ಯಾಲಿಟ್ಟುಕೊಂಡು ಕುಂತ,
ಮೂಡಣದ ಗಾಡಿ ಬಿಟ್ಟ, ತೆಂಕಣದ ಗಾಡಿನೂ ಬಿಟ್ಟ,
ಚಾ ಕುಡದು ಮನಿಗೆ ಹೋದ.

ತಡಿ, ಬ್ಲೇಡಿಲೇ ಕೆರೀತೀನಿ.
ಕೆಂಪು ಎದ್ದಿತು. ಅದರ ಕೆಳಗ ಬಿಳಿ.
ಇಗೋ ನೀಲಿ, ‘ಪಂಚಕಂ’ ತನಕ ಬಂತು.
ಇಲ್ಲವಾ, ನಿಮ್ಮಪ್ಪನ ಹೆಸರು ಎಲ್ಲೂ ಇಲ್ಲ.
ಪಾರ್ಟಿ ಹೆಸರಿಗೆ ಅಕ್ಷರಕ್ಕ ನಾಕಾಣೆ,
ಮಂದಿ ಹೆಸರು ಯಾರು ಬರಸಾವರು?

ಏನಂದಿ? ಜ್ವಾಳ ಹಸನ ಮಾಡೂವಾಗ
ಮನಿಯೊಳಗ ಇದನ್ನ ಅಂತಿದ್ನಾ?
ಊ… ಊ… ವಾ,
ಎರಡು ಉಸಿರು ಸುಮ್ಮ,
ಮತ್ತ ಊ… ವಾ?
ಇಷ್ಟ ವರ್ಷ ಇದನ್ನೇ ಹಾಡು ಅಂದುಕೊಂಡಿದ್ದೇನು ನೀ?

ಆ ಎರಡು ಉಸಿರಿನ ಸಂದಿ ಐತಲ್ಲ,
ಅಲ್ಲಿ ಬ್ಯಾರೇದಾಂವ ಹಾಡತಿದ್ದ.
ನಿಮ್ಮಪ್ಪ ಅವಗ ಜಾಗಾ ಬಿಟ್ಟು ನಿಲ್ಲತಿದ್ದ,
ಅಡಗಿ ಮನಿಯೊಳಗೂ.

ಇನ್ನೊಮ್ಮೆ ಅನ್ನು. ಸಾವಕಾಶ.
ಸಂದಿ ಬಂದಾಗ ಕೈ ಎತ್ತು, ನಾ ಸೇರಸತೀನಿ.
ನನ್ನ ದನಿ ಒಡಕು.
ಕೋಟಂತೂ ಆಗಂಗೇ ಇಲ್ಲ.