ಹಳದಿ ಪಿನ್ನಿಗೆ ತೂತಿಲ್ಲ

ಶಾಲೆಯ ಹರಾಜಿನಲ್ಲಿ ಮುನ್ನೂರಕ್ಕೆ ಸಿಕ್ಕಿದ ಮಾನಿಟರು.
ಬೆನ್ನಲ್ಲಿ ಸ್ಟಾಕ್ ನಂಬರು, ಕೆಳಗೆ ಮಲಯಾಳದಲ್ಲಿ ಒಂದು ಸಾಲು,
ಅದರ ಮೇಲೆ ಏಳನೆಯ ಕ್ಲಾಸಿನ ಯಾರೋ
ಕಂಪಾಸಿನ ಮೊನೆಯಲ್ಲಿ ಗೀರಿದ ಕನ್ನಡದ ಬೈಗುಳ.
ಕಾಗುಣಿತ ತಪ್ಪು.
ಆ ಶಾಲೆಯ ಆಫೀಸಿನವಳು ನಾನೇ. ಮನೆಗೆ ತಂದು
ಮೊದಲು ಪೆನ್ನು ಹುಡುಕಿ ಒಂದು ದೀರ್ಘ ಕೊಟ್ಟೆ.

ಗೇಮಿನ ಡಬ್ಬಿ ತೊಂಬತ್ತಾರರದ್ದು.
ಬಹರೈನಿನಿಂದ ಮಾಮ್
ಹಾಲುಪುಡಿ ಡಬ್ಬಿಗಳ ನಡುವೆ ಟವೆಲಿನಲ್ಲಿ ಸುತ್ತಿ ತಂದದ್ದು.
ಡಬ್ಬಿ ಟಿ.ವಿ. ಗುಜರಿಗೆ ಹೋದ ಮೇಲೆ
ಕಪಾಟಿನ ನೆತ್ತಿಯಲ್ಲಿ, ಗೋದಲಿಯ ಮಣ್ಣಿನ ಕುರಿಗಳ ಜೊತೆ ಮಲಗಿತ್ತು.
ಅದಕ್ಕೆ ಮೂರು ಬಾಲ: ಹಳದಿ, ಬಿಳಿ, ಕೆಂಪು.
ಮಾನಿಟರಿಗೆ ಒಂದೇ ಬಾಯಿ, ನೀಲಿ.
ಎಣಿಸಿದೆ, ಹದಿನೈದು ತೂತು ಉಂಟು.
ಹಳದಿ ಪಿನ್ನಿಗೆ ತೂತಿಲ್ಲ.

ಸೀತಾಂಗೋಳಿಯ ವೆಲ್ಡಿಂಗ್ ಅಂಗಡಿ ಮುಚ್ಚಿ ಬಂದ ವಲೇರಿಯನ್
ಎತ್ತಿ ನೋಡಿದ, ಮಗುಚಿ ನೋಡಿದ, ಊದಿದ.
"ವಯರು ಕೊಯ್ದು ಬೆಸೆಯುವಾ?"
ಅವನ ಲೆಕ್ಕದಲ್ಲಿ ಬೆಸೆಯಲಾಗದ್ದು ಲೋಕದಲ್ಲಿ ಇಲ್ಲ.
"ಇದು ಗೇಟಲ್ಲ ಮಾರಾಯ" ಅಂದೆ.

ಶನಿವಾರ ಕಾಸರಗೋಡಿಗೆ ಹೋದೆ,
ಹಳೆ ಬಸ್‌ಸ್ಟಾಂಡಿನ ಹಿಂದೆ ಸೂಪಿಯಾಕರ ಅಂಗಡಿ.
ನಾನು ಕನ್ನಡದಲ್ಲಿ ಕೇಳಿದೆ, ಅವರು ಮಲಯಾಳದಲ್ಲಿ ಹೇಳಿದರು,
ಚೌಕಾಸಿ ಮಾತ್ರ ತುಳುವಿನಲ್ಲಿ ನಡೆಯಿತು.
ಬೆಂಕಿಪೆಟ್ಟಿಗೆಯಷ್ಟು ಕನ್ವರ್ಟರು, ನಾನ್ನೂರೈವತ್ತು.
ಚಿತ್ರ ಇದರೊಳಗೆ ಹೋಗುತ್ತದೆ,
ಸದ್ದಿಗೆ ಬೇರೆ ದಾರಿ ನೋಡಿಕೊಳ್ಳಿ, ಅಂದರು.
ಆ ಮಾನಿಟರಿಗೆ ನಾಲಿಗೆ ಇಲ್ಲ.

ಸದ್ದಿಗೆ ಪಪ್ಪನ ಸ್ಪೀಕರು ಬಂತು,
ಬೇಳದ ಇಗರ್ಜಿಯ ಹಾಡಿನವರಿಗೆ ಕೊಟ್ಟು ವಾಪಸು ತಂದದ್ದು.
ಒತ್ತಿದೆ. ಮೊದಲು ಕಪ್ಪು.
ಆಮೇಲೆ ಸಿಗ್ನಲ್ ಇಲ್ಲ ಎಂಬ ಸಣ್ಣ ಚೌಕ
ಆ ಗೋಡೆಗೆ ಈ ಗೋಡೆಗೆ ತಲೆ ಚಚ್ಚಿಕೊಳ್ಳುತ್ತ.
ಆಮೇಲೆ ಚಿತ್ರ ಬಂತು, ಬಣ್ಣವಿಲ್ಲದೆ,
ರಾಟೆಯ ಹಗ್ಗದ ಹಾಗೆ ಮೇಲಕ್ಕೆ, ಮೇಲಕ್ಕೆ.
ಕನ್ವರ್ಟರಿನ ಹೊಟ್ಟೆಯಲ್ಲಿ ಉಗುರಿನಷ್ಟು ಗುಬ್ಬಿ,
ಪಿನ್ನಿನ ತುದಿಯಲ್ಲಿ ಸರಿಸಿದೆ.
ನಿಂತಿತು.
ಹುಲ್ಲು ಹಸಿರಾಯಿತು.

ಕೊಡೆ ಹಿಡಿದ ಕಪ್ಪೆ, ಅದೇ ಕಪ್ಪೆ, ಅದೇ ಹಳ್ಳ.
ಒತ್ತಿದೆ. ಕಪ್ಪೆ ಸ್ವಲ್ಪ ಯೋಚಿಸಿತು.
ಯೋಚಿಸಿ ಹಾರಿತು, ನೀರಿಗೆ.
ನನ್ನ ಬೆರಳಿಗೂ ಕಪ್ಪೆಗೂ ನಡುವೆ
ಆ ಬೆಂಕಿಪೆಟ್ಟಿಗೆ ಕೂತು ಅನುವಾದ ಮಾಡುತ್ತಿತ್ತು, ನಿಧಾನಸ್ಥ.
ಸದ್ದಿಗೆ ಅದರ ಹಂಗಿಲ್ಲ, ನೇರ ಸ್ಪೀಕರಿಗೆ.
ಹಾಗಾಗಿ ಪ್ಲುಪ್ ಎಂಬುದು ಮೊದಲು,
ಬೀಳುವುದು ಆಮೇಲೆ.
ಗುಡುಗು ಮೊದಲು, ಮಿಂಚು ಆಮೇಲೆ.
ಮೂರನೆಯ ಸೇತುವೆಯಲ್ಲೇ ಹದಿನಾಲ್ಕು ಸಲ ಸತ್ತೆ.

ವಲೇರಿಯನ್ ಚಾಪೆಯಲ್ಲಿ ಅಂಗಾತ.
ಆ ದಿನ ದೊಡ್ಡ ಗೇಟು, ಕನ್ನಡಕ ಹಾಕದ ಹಟ,
ಕಣ್ಣೊಳಗೆ ಹೊಯ್ಗೆ ಹೊಯ್ದ ಹಾಗೆ ಉರಿ.
ಎರಡು ಕಣ್ಣಿಗೂ ಮುಳ್ಳುಸೌತೆಯ ಬಿಲ್ಲೆ.
"ಇಲ್ಲಿ ಕೊಡು" ಅಂದ.
"ಬಿಲ್ಲೆ ತೆಗಿ ಮೊದಲು."
"ಬೇಡ. ಸೌಂಡ್ ಜಾಸ್ತಿ ಮಾಡು."

ಕಿಡಿ ಹಾರಿ ಚುಕ್ಕೆಚುಕ್ಕೆಯಾದ ಹೆಬ್ಬೆರಳು.
ಟಕ್. ಟಕ್. ಏನೂ ಇಲ್ಲ. ಟಕ್.
ಮೂರನೆಯದು ದಾಟಿತು. ನಾಲ್ಕನೆಯದು ದಾಟಿತು.
"ನಿನಗೆ ಹೇಗೆ ಗೊತ್ತು?"
"ನೀನು ಆಡುವಾಗ ನನ್ನನ್ನು ಒಳಗೆ ಮಲಗಿಸುತ್ತಿದ್ದರಲ್ಲ.
ಗೋಡೆಯಾಚೆ ಎರಡು ವರ್ಷ ಕೇಳಿದ್ದೇನೆ.
ಒಂದು ಸಲ ಕೊಡಲಿಲ್ಲ ನೀನು."
ಟಕ್.
ನಾನು ವಾಲ್ಯೂಮಿನ ಗುಬ್ಬಿ ತಿರುಗಿಸುತ್ತ ಕೂತೆ,
ತಿರುಗಿಸಬೇಕಾದ್ದು ಏನೂ ಇರಲಿಲ್ಲ.

ಏಳನೆಯ ಸೇತುವೆ. ಇದನ್ನು ನಾನು ಯಾವತ್ತೂ ದಾಟಿದವಳಲ್ಲ.
ಸ್ಪೀಕರು ಗಂಟೆ ಹೊಡೆಯಿತು.
ಬಿಲ್ಲೆಗಳ ಕೆಳಗೆ ಅವನ ಬಾಯಿ ನಕ್ಕಿತು.
ಪರದೆಯಲ್ಲಿ ಕಪ್ಪೆ ಇನ್ನೂ ಈಚೆ ದಡದಲ್ಲಿ
ಕೊಡೆ ಬಿಚ್ಚುತ್ತಿತ್ತು.
"ದಾಟಿತಲ್ಲ?" ಅಂದ.
"ನಿಲ್ಲು" ಅಂದೆ,
"ಬರ್ತಾ ಉಂಟು."